ಗಿಟ್ ಕ್ಲೀನ್ ಮತ್ತು ದೊಡ್ಡಪ್ಪನ ಗದ್ದೆಗಳು

ಬಹಳ ದಿನ ಆಯ್ತು ಈ ಕಡೆ ತಲೆ ಹಾಕದೆ. "ಊರಿನ ಗದ್ದೆ ಹೆಸರುಗಳ ಬಗ್ಗೆ ಬರೀತೀನಿ ಅಂದಿದ್ರಲ್ಲ, ಎಲ್ಲಿ?" ಅಂತ ಇಬ್ಬರು ಮೂವರು ಮೇಲ್ ಮಾಡಿ ಕೇಳಿದ್ರು. ಎಲ್ಲಿ ಅಂದ್ರೆ... ಅದನ್ನು ನಾನೇ ನನ್ನ ಕೈಯಾರೆ ಅಳಿಸಿ ಹಾಕಿದೆ. ಒಂದು ಸಲ ಅಲ್ಲ, ಮೊದಲು ಏನೇನು ಅಳಿಸ್ತೀಯ ಅಂತ ಕಂಪ್ಯೂಟರನ್ನು ಕೇಳಿ, ಅದು ಕೊಟ್ಟ ಪಟ್ಟಿ ನೋಡಿ, ಸರಿ ಅಂತ ತಲೆಯಾಡಿಸಿ, ಆಮೇಲೆ ಅಳಿಸಿದೆ. ಹೊಟ್ಟೆಪಾಡಿಗೆ ನಾನು ಮಾಡೋದು ಸಾಫ್ಟ್‌ವೇರ್ ಟೆಸ್ಟಿಂಗ್. ನಗಬೇಡಿ :)

ಬ್ಲಾಗಿನ ಬರಹಗಳನ್ನೆಲ್ಲ ಒಂದು ಫೋಲ್ಡರಿನಲ್ಲಿಟ್ಟು ಅದಕ್ಕೆ ಗಿಟ್ ಹಾಕಿಕೊಂಡಿದ್ದೇನೆ. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳೋದಾದ್ರೆ, ಗಿಟ್ ಅಂದ್ರೆ ಬರೆದದ್ದರ ಹಳೆಯ ರೂಪಗಳನ್ನೆಲ್ಲ ನೆನಪಿಟ್ಟುಕೊಳ್ಳೋ ತಂತ್ರಾಂಶ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ಲಿನ ಕೆಲಸಕ್ಕೆ ಅಂತ ಬರೆದದ್ದು. ಈಗ ಸಾಫ್ಟ್‌ವೇರಿನವರೆಲ್ಲರ ಕೈಯಲ್ಲೂ ಇದೆ. ಆದ್ರೆ ಅದು ನೆನಪಿಟ್ಟುಕೊಳ್ಳೋದು ನಾವು "ಇದನ್ನು ನೆನಪಿಟ್ಟುಕೋ" ಅಂತ ಹೇಳಿ ಕಮಿಟ್ ಮಾಡಿದ್ದನ್ನು ಮಾತ್ರ. ಹೇಳದೆ ಬಿಟ್ಟ ಫೈಲು ಅದರ ಲೆಕ್ಕದಲ್ಲಿ ಹಾದಿಬದಿಯ ವಸ್ತು. ಅಂಥವನ್ನು ಗುಡಿಸಿ ಹಾಕೋಕೆ ಗಿಟ್ ಕ್ಲೀನ್ ಅನ್ನೋ ಕಮಾಂಡ್ ಇದೆ.

ಗುಡಿಸೋ ಅವಸರ ಯಾಕೆ ಬಂತು ಅಂದ್ರೆ, ಬ್ಲಾಗಿನ ಹಳೇ ಪೋಸ್ಟುಗಳನ್ನು ಇಳಿಸಿಕೊಳ್ಳೋಕೆ ಒಂದು ಸ್ಕ್ರಿಪ್ಟ್ ಓಡಿಸಿದ್ದೆ. ಅದು ಫೋಲ್ಡರಿನ ತುಂಬಾ ಎಚ್‌ಟಿಎಮ್‌ಎಲ್ ಫೈಲುಗಳನ್ನು ಹರಡಿ ಕೂತಿತ್ತು. ಗಿಟ್ ಕ್ಲೀನಿಗೆ 'ಎನ್' ಅನ್ನೋ ಆಯ್ಕೆ ಕೊಟ್ಟರೆ ಅಳಿಸೋದಿಲ್ಲ, ಏನನ್ನು ಅಳಿಸಬಹುದು ಅಂತ ಪಟ್ಟಿ ತೋರಿಸುತ್ತೆ ಅಷ್ಟೆ. ಕೊಟ್ಟೆ. ನಲವತ್ತು ಚಿಲ್ಲರೆ ಸಾಲು ಬಂತು. ಎಲ್ಲಾ ಹೀಗೆ:

\340\262\227\340\262\246\340\263\215\340\262\246\340\263\206

ಈ ಅಂಕಿಗಳ ರಾಶಿ ನೋಡಿ, ಸ್ಕ್ರಿಪ್ಟ್ ಹುಟ್ಟುಹಾಕಿದ ಕಸ ಇದು ಅಂದುಕೊಂಡು 'ಎಫ್' ಒತ್ತಿದೆ. ಎಫ್ ಅಂದ್ರೆ ಫೋರ್ಸ್. ಮೇಲಿನ ಸಾಲು ಏನು ಗೊತ್ತಾ? ಅದು "ಗದ್ದೆ".

ಗದ್ದೆ ಅನ್ನೋದು ನಮಗೆ ಎರಡಕ್ಷರ. ಯೂನಿಕೋಡಿನಲ್ಲಿ ಗ, ದ, ಹಲಂತ, ದ, ಎತ್ವ ಅಂತ ಐದು. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ ಹದಿನೈದು. ಗಿಟ್ ಒಂದೊಂದು ಬೈಟನ್ನೂ ಹಿಂಬಾಗಿದ ಗೆರೆ ಮತ್ತು ಮೂರು ಅಂಕಿ ಮಾಡಿ ಬರೆಯೋದರಿಂದ ತೆರೆಯ ಮೇಲೆ ಅರವತ್ತು. ಇಂಗ್ಲಿಷ್ ಅಕ್ಷರ ಮೀರಿದ ಯಾವ ಹೆಸರಿದ್ರೂ ಗಿಟ್ ತಾನಾಗಿ ಹೀಗೇ ತೋರಿಸೋದು. ಆ ಫೈಲಿನಲ್ಲಿ ದೊಡ್ಡಪ್ಪ ಹೇಳಿ ಬರೆಸಿದ ಮೂವತ್ತೇಳು ಗದ್ದೆಗಳ ಹೆಸರಿತ್ತು, ಯಾವುದಕ್ಕೆ ಆ ಹೆಸರು ಯಾಕೆ ಬಂತು ಅನ್ನೋದರ ಸಮೇತ. ಹುಲಿಬಿದ್ದ ಗದ್ದೆ, ಮೂರುಮೂಲೆ, ಕೆರೆಕೆಳಗಿನದು... ಪೂರ್ತಿ ಮುಗಿದ ಮೇಲೆ ಕಮಿಟ್ ಮಾಡೋಣ ಅಂತ ಇಟ್ಟುಕೊಂಡಿದ್ದೆ. ದೊಡ್ಡಪ್ಪನಿಗೆ ಈಗ ಎಂಬತ್ತಾರು. ಆಗ ಹೇಳಿದ್ದು ಈಗ ಅಷ್ಟು ಸಲೀಸಾಗಿ ನೆನಪಿಗೆ ಬರೋದಿಲ್ಲ.

ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ವೃತ್ತಿಬುದ್ಧಿ ಕೆಣಕಿತು. ಇಂಥ ಕಮಾಂಡನ್ನು ಬರೆದವರು ಟೆಸ್ಟ್ ಹೇಗೆ ಮಾಡ್ತಾರೆ ನೋಡೋಣ ಅಂತ ಗಿಟ್‌ನ ಮೂಲ ಸಂಕೇತ ಇಳಿಸಿಕೊಂಡೆ. ಯಾರು ಬೇಕಾದ್ರೂ ನೋಡಬಹುದು, ಮುಚ್ಚುಮರೆ ಇಲ್ಲ. 'ಟಿ' ಅನ್ನೋ ಫೋಲ್ಡರಿನಲ್ಲಿ ಟಿ7300-ಕ್ಲೀನ್ ಅಂತ ಒಂದು ಫೈಲಿದೆ. ಸಾದಾ ಶೆಲ್ ಸ್ಕ್ರಿಪ್ಟು. ಬೇಯ್ಬೇಕು ಅಂತಲೇ ತೆರೆದವನು, ಓದ್ತಾ ಓದ್ತಾ ನಾಚಿಕೆಯಾಗಿ ಸುಮ್ಮನಾದೆ. ನಾಚಿಕೆ ಆದದ್ದು ನನ್ನ ಆಫೀಸಿನ ಟೆಸ್ಟುಗಳನ್ನು ನೆನೆದು.

ನಮ್ಮಲ್ಲೂ ಒಂದು ಗುಡಿಸೋ ಸ್ಕ್ರಿಪ್ಟ್ ಇದೆ. ಬಿಲ್ಡ್ ಆದ ಮೇಲೆ ಉಳಿದ ಚೂರುಪಾರುಗಳನ್ನು ತೆಗೆಯೋದು ಅದರ ಕೆಲಸ. ಅದಕ್ಕೆ ಟೆಸ್ಟ್ ಬರೆದವನು ನಾನೇ. ನಾಲ್ಕು ಕಸದ ಫೈಲು ಹುಟ್ಟಿಸು, ಸ್ಕ್ರಿಪ್ಟ್ ಓಡಿಸು, ನಾಲ್ಕೂ ಹೋಯ್ತಾ ನೋಡು, ಹೋಗಿದ್ರೆ ಪಾಸ್. ಎಷ್ಟು ವರ್ಷದಿಂದ ಹಸಿರು ದೀಪ ತೋರಿಸ್ತಾ ಬಂದಿದೆ! ಈಗ ಯೋಚನೆ ಮಾಡಿ. ಆ ಸ್ಕ್ರಿಪ್ಟನ್ನು ಕಿತ್ತುಹಾಕಿ, ಅದರ ಜಾಗದಲ್ಲಿ ಇಡೀ ಡಿಸ್ಕನ್ನೇ ಒರೆಸಿಹಾಕೋ ಒಂದು ಸಾಲು ಬರೆದಿಟ್ಟರೂ ನನ್ನ ಟೆಸ್ಟ್ ಪಾಸಾಗುತ್ತೆ. ನಾಲ್ಕು ಫೈಲು ಹೋಯ್ತಲ್ಲ, ಅಷ್ಟು ಸಾಕು ಅದಕ್ಕೆ. ಮದುವೆಮನೆ ಗುಡಿಸೋಕೆ ಬಂದವನು ಬಾಳೆಲೆ ಜೊತೆ ಬೆಳ್ಳಿ ಲೋಟಾನೂ ಎತ್ತಿಕೊಂಡು ಹೋದ್ರೆ "ಅಂಗಳ ಚೆನ್ನಾಗಿ ಗುಡಿಸಿದಾನೆ" ಅಂದ ಹಾಗೆ.

ಟಿ7300ರಲ್ಲಿ ಹಾಗಿಲ್ಲ. ಮೊದಲಿಗೇ ಒಂದು ಪುಟ್ಟ ಪ್ರಾಜೆಕ್ಟ್ ಕಟ್ಟುತ್ತೆ. ಒಂದಷ್ಟು ಮೂಲ ಫೈಲು, ಒಂದು ಮೇಕ್‌ಫೈಲು, ಯಾವುದನ್ನು ಗಮನಿಸಬೇಡ ಅಂತ ಹೇಳೋ ಗಿಟ್‌ಇಗ್ನೋರ್ ಫೈಲು. ಆಮೇಲೆ ಕಮಿಟ್ ಆಗದ ಫೈಲುಗಳನ್ನು ಅಲ್ಲಲ್ಲಿ ಇಟ್ಟು ಗಿಟ್ ಕ್ಲೀನ್ ಓಡಿಸುತ್ತೆ. ನಂತರ ಸಾಲಾಗಿ ಹಾಜರಿ ಕರೆಯುತ್ತೆ. ಮೇಕ್‌ಫೈಲ್ ಇದೆಯಾ? ಇದೆ. ರೀಡ್‌ಮಿ ಇದೆಯಾ? ಇದೆ. ಇದು ಹೋಗಿರಬೇಕು, ಹೋಯ್ತಾ? ಹೋಯ್ತು. ಬೇರೆ ಬೇರೆ ಆಯ್ಕೆ ಕೊಟ್ಟು, ಬೇರೆ ಬೇರೆ ಫೋಲ್ಡರಿನಲ್ಲಿ ನಿಂತು ಮತ್ತೆ ಅದೇ ಹಾಜರಿ. ಹೋಗಿರಬೇಕಾದದ್ದು ಒಂದೋ ಎರಡೋ ಇದ್ದ ಕಡೆಯಲ್ಲೂ ಉಳಿದಿರಬೇಕಾದದ್ದರ ಪಟ್ಟಿ ಉದ್ದಕ್ಕೆ ಇಳಿಯುತ್ತೆ. ಓದೋಕೆ ಬೇಜಾರಾಗೋ ಅಷ್ಟು ಅದೇ ಅದೇ ಸಾಲುಗಳು. ಆ ಬೇಜಾರಿನಲ್ಲೇ ಇರೋದು ಕೆಲಸ. ಅಳಿಸೋ ಕಮಾಂಡಿಗೆ ಟೆಸ್ಟ್ ಬರೆಯೋದು ಅಂದ್ರೆ ಮುಖ್ಯವಾಗಿ ಅಳಿಯದೇ ಉಳಿದದ್ದನ್ನು ಎಣಿಸೋದು ಅಂತ ನನಗೆ ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ, ಕಳಕೊಂಡ ಮೇಲೆ, ಗೊತ್ತಾಯ್ತು.

ಕೆಲವು ಟೆಸ್ಟುಗಳು ನೋಡೋಕೇ ಖುಷಿ. ಎಫ್ ಕೊಡದೆ ಬರೀ ಗಿಟ್ ಕ್ಲೀನ್ ಅಂದ್ರೆ ಒಲ್ಲೆ ಅನ್ನಬೇಕು, ಅದಕ್ಕೊಂದು ಟೆಸ್ಟ್. ಫೋಲ್ಡರಿನೊಳಗೆ ಇನ್ನೊಂದು ಗಿಟ್ ಫೋಲ್ಡರ್ ಇದ್ದರೆ, ಅಂದ್ರೆ ಬೇರೆಯವರ ಮನೆ ನಮ್ಮ ಕಾಂಪೌಂಡಿನೊಳಗೇ ಇದ್ದ ಹಾಗೆ, ಅದನ್ನು ಮುಟ್ಟಬಾರದು. ಎರಡು ಸಲ ಎಫ್ ಕೊಟ್ಟರೆ ಮಾತ್ರ ಮುಟ್ಟಬಹುದು. ಗಿಟ್ ಫೋಲ್ಡರಿನ ಹಾಗೆ ಕಾಣುತ್ತೆ ಆದ್ರೆ ಅಲ್ಲ, ಅಂಥದ್ದನ್ನು ಅಳಿಸಬೇಕು. ಅದಕ್ಕೂ ಟೆಸ್ಟಿದೆ. ಫೋಲ್ಡರಿನ ಅನುಮತಿಯನ್ನೆಲ್ಲ ಕಿತ್ತುಕೊಂಡು, ಒಳಗಿನದನ್ನು ಅಳಿಸೋಕೆ ಹೇಳಿ, "ಆಗಲಿಲ್ಲ" ಅಂತ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾ ನೋಡೋ ಟೆಸ್ಟೂ ಇದೆ. ಈ ಕೊನೆಯದರಲ್ಲಿ ಒಂದು ತಮಾಷೆ. ರೂಟ್ ಬಳಕೆದಾರನಿಗೆ ಅನುಮತಿಯ ಹಂಗಿಲ್ಲ, ಅವನು ಏನು ಬೇಕಾದ್ರೂ ಅಳಿಸಬಲ್ಲ. ಹಾಗಾಗಿ ರೂಟ್ ಆಗಿ ಓಡಿಸಿದ್ರೆ ಈ ಟೆಸ್ಟು ತಾನಾಗೇ ಪಕ್ಕಕ್ಕೆ ಸರಿಯುತ್ತೆ. ಈಗಿನ ಕಾಲದಲ್ಲಿ ಟೆಸ್ಟುಗಳನ್ನೆಲ್ಲ ಡಾಕರ್ ಡಬ್ಬಿಯೊಳಗೆ ರೂಟ್ ಆಗಿಯೇ ಓಡಿಸೋ ರೂಢಿ ಎಷ್ಟು ಕಡೆ ಇದೆ ಅಂತ ನಿಮ್ಮಲ್ಲಿ ಸಾಫ್ಟ್‌ವೇರಿನವರಿಗೆ ಗೊತ್ತು. ಎಲ್ಲಾ ಹಸಿರು ಅಂತ ಸಂಜೆ ಮನೆಗೆ ಹೋಗ್ತೀವಿ. ಎಷ್ಟು ಟೆಸ್ಟು ಓಡಲೇ ಇಲ್ಲ ಅಂತ ಕೇಳೋರಿಲ್ಲ.

ಇಷ್ಟು ಹುಷಾರಾಗಿದ್ರೂ ತೂತು ಇತ್ತು ಅನ್ನೋದನ್ನೂ ಹೇಳಬೇಕು, ಇಲ್ಲದಿದ್ರೆ ನಾನು ಭಜನೆ ಮಾಡಿದ ಹಾಗಾಗುತ್ತೆ. ಗಿಟ್‌ಇಗ್ನೋರ್‌ನಲ್ಲಿ ಹೆಸರಿಸಿದ ಫೈಲುಗಳನ್ನು 'ಎಕ್ಸ್' ಅನ್ನೋ ಆಯ್ಕೆ ಕೊಡದೆ ಗಿಟ್ ಕ್ಲೀನ್ ಅಳಿಸಬಾರದು. ಪಾಸ್‌ವರ್ಡ್ ಇರೋ ಫೈಲು, ಸ್ವಂತ ಸೆಟ್ಟಿಂಗು ಎಲ್ಲ ಅಲ್ಲೇ ಇರೋದು. ಆದ್ರೆ ಕಮಿಟ್ ಆಗದ ಫೋಲ್ಡರಿನ ಒಳಗೆ ಅಂಥ ಫೈಲಿದ್ರೆ, 'ಡಿ' ಆಯ್ಕೆ ಕೊಟ್ಟಾಗ ಫೋಲ್ಡರಿನ ಜೊತೆ ಅದೂ ಹೋಗ್ತಿತ್ತು. 2017ರಲ್ಲಿ ಇದನ್ನು ಸರಿಪಡಿಸಿದ್ರು. ಸರಿಪಡಿಸಿದ ರೀತಿ ನನಗೆ ಇಷ್ಟವಾಯ್ತು. ಗಿಟ್‌ನವರ ಟೆಸ್ಟ್ ವ್ಯವಸ್ಥೆಯಲ್ಲಿ ಎರಡು ಥರ ಇದೆ. ಒಂದು "ಇದು ಗೆಲ್ಲಬೇಕು". ಇನ್ನೊಂದು "ಇದು ಸೋಲುತ್ತೆ ಅಂತ ನಮಗೆ ಗೊತ್ತು, ಸದ್ಯಕ್ಕೆ ಹೀಗಿದೆ". ಮೊದಲು ಎರಡನೇ ಥರದ ಟೆಸ್ಟ್ ಬರೆದು ತಪ್ಪನ್ನು ದಾಖಲು ಮಾಡಿದ್ರು. ಆಮೇಲೆ ಕೋಡ್ ತಿದ್ದಿ ಅದನ್ನೇ ಮೊದಲ ಥರಕ್ಕೆ ಬದಲಾಯಿಸಿದ್ರು. ನಮ್ಮಲ್ಲಾದ್ರೆ ಸೋಲೋ ಟೆಸ್ಟನ್ನು ಕಮೆಂಟ್ ಮಾಡಿ ಮುಚ್ಚಿಡ್ತೀವಿ. ಮ್ಯಾನೇಜರ್ ಕಣ್ಣಿಗೆ ಕೆಂಪು ಬೀಳಬಾರದಲ್ಲ.

ಅದೇ 2017ರಲ್ಲೇ ಇನ್ನೊಂದು ದೊಡ್ಡ ಗಲಾಟೆ. ವಿಎಸ್ ಕೋಡ್ ಅನ್ನೋ ಎಡಿಟರಿನಲ್ಲಿ ಒಬ್ಬರು ಗಿಟ್ ಗುಂಡಿಗಳನ್ನು ಹೊಸದಾಗಿ ಒತ್ತಿ ನೋಡ್ತಾ "ಬದಲಾವಣೆಗಳನ್ನೆಲ್ಲ ಬಿಟ್ಟುಬಿಡು" ಅನ್ನೋದನ್ನು ಒತ್ತಿದ್ರು. ಒಮ್ಮೆಯೂ ಕಮಿಟ್ ಆಗದ ಸುಮಾರು ಐದು ಸಾವಿರ ಫೈಲು, ತಿಂಗಳುಗಟ್ಟಲೆ ದುಡಿಮೆ, ಮಾಯ. ಬೈದದ್ದು ಬೈದದ್ದೇ. ಬಹಳ ಜನ ನಕ್ಕರು ಕೂಡ, ಬ್ಯಾಕಪ್ ಇಟ್ಟುಕೊಳ್ಳದ ದಡ್ಡ ಅಂತ. ನಾನೂ ಆಗ ನಕ್ಕವನೇ. ಆ ಗುಂಡಿಯ ಹಿಂದೆ ಓಡಿದ್ದು ಗಿಟ್ ಕ್ಲೀನ್. ಕಮಾಂಡ್ ತನ್ನ ಟೆಸ್ಟುಗಳ ಪ್ರಕಾರ ಸರಿಯಾಗೇ ನಡೆದಿತ್ತು. ತಪ್ಪಿದ್ದು ಎಲ್ಲಿ ಅಂದ್ರೆ, ಒತ್ತಿದವರಿಗೆ "ಬದಲಾವಣೆ ಬಿಡೋದು" ಅಂದ್ರೆ "ಫೈಲೇ ಅಳಿಸೋದು" ಅಂತ ಅರ್ಥ ಆಗಲಿಲ್ಲ. ಆಮೇಲೆ ಆ ಎಚ್ಚರಿಕೆಯ ಮಾತನ್ನು ಬದಲಾಯಿಸಿದ್ರು. ಫೈಲು ಶಾಶ್ವತವಾಗಿ ಹೋಗುತ್ತೆ ಅಂತ ದೊಡ್ಡಕ್ಷರದಲ್ಲಿ ಕೂಗಿ ಹೇಳೋ ಹಾಗೆ.

ನನ್ನ ಕಥೆಯೂ ಇದರ ತಮ್ಮನೇ. ಎನ್ ಆಯ್ಕೆಗೆ ಟಿ7300ರಲ್ಲಿ ಟೆಸ್ಟ್ ಇದೆ. ಓಡಿಸಿದ ಮೇಲೆ ಎಲ್ಲಾ ಫೈಲೂ ಹಾಗೇ ಉಳಿದಿದೆಯಾ ಅಂತ ನೋಡುತ್ತೆ. ನನ್ನ ಮನೆಯಲ್ಲೂ ಉಳಿದಿತ್ತು. ಆದ್ರೆ ಎನ್ ಇರೋದು ಯಾಕೆ? ಅಳಿಸೋ ಮುಂಚೆ ಮನುಷ್ಯ ಓದಲಿ ಅಂತ. ಓದೋಕೆ ಬರದ ಪಟ್ಟಿ ಕೊಟ್ಟರೆ ಫೈಲು ಉಳಿದದ್ದು ಒಂದು ನಿಮಿಷ ಮಾತ್ರ. ಮತ್ತೆ ಆ ಅಂಕಿಗಳು ತಪ್ಪೂ ಅಲ್ಲ. ಟಿ3902 ಅನ್ನೋ ಇನ್ನೊಂದು ಟೆಸ್ಟಿದೆ, ಹೆಸರುಗಳನ್ನು ಹೀಗೆ ಅಂಕಿ ಮಾಡೋದಕ್ಕೇ ಮೀಸಲು. ಅದರಲ್ಲಿ ಬಳಸಿರೋ ಹೆಸರು ಜೂನಿಯೋ ಹಮಾನೋ ಅವರದ್ದೇ, ಜಪಾನಿ ಲಿಪಿಯಲ್ಲಿ! 2005ರಿಂದ ಗಿಟ್ ನೋಡಿಕೊಳ್ತಿರೋರು ಅವರೇ. ತಮ್ಮ ಹೆಸರು ಹಿಂಬಾಗಿದ ಗೆರೆ ಮತ್ತು ಅಂಕಿಗಳಾಗಿ ಬರಬೇಕು, ಬಂದರೆ ಪಾಸ್ ಅಂತ ಬರೆದಿಟ್ಟಿದ್ದಾರೆ. ಕೋರ್ ಡಾಟ್ ಕೋಟ್‌ಪಾತ್ ಅನ್ನೋ ಸೆಟ್ಟಿಂಗನ್ನು ಫಾಲ್ಸ್ ಮಾಡಿದ್ರೆ ಹೆಸರು ಹೆಸರಾಗೇ ಕಾಣಬೇಕು ಅನ್ನೋದಕ್ಕೂ ಅಲ್ಲೇ ಟೆಸ್ಟಿದೆ. ಹಳೇ ಕಾಲದ ಟರ್ಮಿನಲ್ಲುಗಳು, ಮೇಲಿನಲ್ಲಿ ಪ್ಯಾಚ್ ಕಳಿಸೋ ಪದ್ಧತಿ, ಇವೆಲ್ಲ ಇದ್ದಾಗ ಬೈಟುಗಳನ್ನು ಹಾಗೇ ಬಿಟ್ಟರೆ ಎಡವಟ್ಟಾಗ್ತಿತ್ತು, ಒಪ್ಪುತ್ತೇನೆ. ಆದ್ರೆ ಅಳಿಸೋ ಕಮಾಂಡು ಮನುಷ್ಯನನ್ನು ಕೇಳೋವಾಗಲೂ ಅದೇ ಅಂಕಿ ಯಾಕೆ ಅನ್ನೋದು ನನ್ನ ತಕರಾರು. ನೀವು ಕನ್ನಡದಲ್ಲಿ ಫೈಲ್ ಹೆಸರಿಡೋರಾಗಿದ್ದು ಗಿಟ್ ಬಳಸ್ತಿದ್ರೆ ಇವತ್ತೇ ಆ ಸೆಟ್ಟಿಂಗ್ ಬದಲಾಯಿಸಿ. ನಾಳೆ ಅನ್ನಬೇಡಿ.

ಮರ್ಕ್ಯುರಿಯಲ್ ಅನ್ನೋ ಗಿಟ್‌ನ ಸಮವಯಸ್ಕ ಒಂದಿದೆ. ಅದರಲ್ಲಿ ಗುಡಿಸೋ ಕಮಾಂಡಿಗೆ ಪರ್ಜ್ ಅಂತ ಹೆಸರು. ಅವರ ಟೆಸ್ಟ್ ಫೈಲಿನಲ್ಲಿ ಕಮಾಂಡು, ಅದರ ಕೆಳಗೇ ಅದು ತೆರೆಗೆ ಏನು ಬರೆಯಬೇಕು ಅನ್ನೋದು ಅಕ್ಷರಶಃ ಇರುತ್ತೆ. ಒಂದಕ್ಷರ ವ್ಯತ್ಯಾಸವಾದ್ರೂ ಫೇಲ್. ಇದರಿಂದ ಮನುಷ್ಯನ ಕಣ್ಣಿಗೆ ಬೀಳೋದು ಕೂಡ ಟೆಸ್ಟಿನೊಳಗೆ ಬರುತ್ತೆ. ಬರೆಯೋರಿಗೆ ಇದು ಕಿರಿಕಿರಿ, ಒಂದು ವಾಕ್ಯ ಬದಲಾಯಿಸಿದ್ರೆ ಹತ್ತು ಟೆಸ್ಟ್ ಮುರಿಯುತ್ತೆ. ಮುರೀಲಿ ಬಿಡಿ.

ಹೋದದ್ದು ಸಿಕ್ಕಿತಾ ಅಂತ ಕೇಳ್ತೀರಿ. ಅರ್ಧ. ಯಾವತ್ತೋ ಒಂದಿನ ಆ ಫೈಲನ್ನು ಗಿಟ್ ಆಡ್ ಮಾಡಿ, ಇನ್ನೂ ಮುಗಿದಿಲ್ಲ ಅಂತ ವಾಪಸ್ ತೆಗೆದಿದ್ದೆ. ಆಡ್ ಮಾಡಿದ ಕ್ಷಣವೇ ಗಿಟ್ ಒಳಗೊಂದು ನಕಲು ಇಟ್ಟುಕೊಳ್ಳುತ್ತೆ. ನಾವು ಮನಸ್ಸು ಬದಲಾಯಿಸಿದ್ರೂ ಆ ನಕಲು ಅನಾಥವಾಗಿ ಅಲ್ಲೇ ಬಿದ್ದಿರುತ್ತೆ. ಗಿಟ್ ಎಫ್‌ಎಸ್‌ಸಿಕೆ ಅನ್ನೋ ಕಮಾಂಡಿಗೆ 'ಲಾಸ್ಟ್ ಫೌಂಡ್' ಅಂತ ಹೇಳಿದ್ರೆ ಇಂಥ ಅನಾಥಗಳನ್ನು ಹುಡುಕಿ ಒಂದು ಕಡೆ ಇಡುತ್ತೆ. ಹೆಸರಿರಲ್ಲ, ಒಂದೊಂದೇ ತೆರೆದು ನೋಡಬೇಕು. ಹನ್ನೊಂದನೆಯದನ್ನು ತೆರೆದಾಗ "ಹುಲಿಬಿದ್ದ ಗದ್ದೆ" ಕಂಡಿತು. ಆಫೀಸಿನ ಕ್ಯಾಂಟೀನಿನಲ್ಲಿ ಕೂತಿದ್ದೆ, ಎದುರಿಗಿದ್ದವನು ಏನಾಯ್ತು ಸಾರ್ ಅಂದ. ಮೂವತ್ತೇಳರಲ್ಲಿ ಹತ್ತೊಂಬತ್ತು ಸಿಕ್ಕಿತು. ಉಳಿದ ಹದಿನೆಂಟು ಆಮೇಲೆ ಸೇರಿಸಿದ್ದು, ಅವು ಹೋದದ್ದೇ.

ಈ ಅನಾಥಗಳನ್ನೂ ಗುಡಿಸೋ ಕಮಾಂಡ್ ಒಂದಿದೆ, ಗಿಟ್ ಜಿಸಿ. ಅದು ಎರಡು ವಾರ ಹಳೆಯದಾದ ಅನಾಥವನ್ನು ಮಾತ್ರ ಅಳಿಸೋದು. ಇದನ್ನು ಟೆಸ್ಟ್ ಮಾಡೋಕೆ ಎರಡು ವಾರ ಕಾಯ್ತಾರಾ? ಇಲ್ಲ. ಫೈಲಿನ ಮೇಲಿನ ದಿನಾಂಕವನ್ನೇ ಹಿಂದಕ್ಕೆ ತಳ್ಳೋ ಒಂದು ಪುಟ್ಟ ಸಲಕರಣೆ ಮಾಡಿಕೊಂಡಿದ್ದಾರೆ. ಟಿ5304ರಲ್ಲಿ ನೋಡಿ. ಎರಡು ವಾರಕ್ಕೆ ಮೂವತ್ತು ಸೆಕೆಂಡು ಕಡಿಮೆ ವಯಸ್ಸು ಮಾಡಿ ಜಿಸಿ ಓಡಿಸ್ತಾರೆ, ಫೈಲು ಉಳಿದಿರಬೇಕು. ಆಮೇಲೆ ಎರಡು ವಾರದ ಮೇಲೆ ಒಂದು ಸೆಕೆಂಡ್ ಮಾಡಿ ಓಡಿಸ್ತಾರೆ, ಹೋಗಿರಬೇಕು. ಉಳಿಯೋದನ್ನು ಮೊದಲು ನೋಡಿ, ಹೋಗೋದನ್ನು ಆಮೇಲೆ ನೋಡೋದು. ನನ್ನ ಹತ್ತೊಂಬತ್ತು ಗದ್ದೆ ಉಳಿದದ್ದು ಜಿಸಿ ಇನ್ನೂ ಆ ಫೋಲ್ಡರಿಗೆ ಬಂದಿರಲಿಲ್ಲ ಅನ್ನೋ ಒಂದೇ ಪುಣ್ಯಕ್ಕೆ.

ಇಷ್ಟಾದ ಮೇಲೆ ಆಫೀಸಿನಲ್ಲಿ ಎರಡು ಕೆಲಸ ಮಾಡಿದೆ. ಒಂದು, ನಮ್ಮ ಗುಡಿಸೋ ಸ್ಕ್ರಿಪ್ಟಿನ ಟೆಸ್ಟಿಗೆ ಹಾಜರಿ ಪಟ್ಟಿ ಸೇರಿಸಿದೆ. ಎರಡನೆಯದನ್ನು ಗಿಟ್‌ನವರಿಂದ ಕದ್ದೆ. ಅವರ ಪ್ರತಿಯೊಂದು ಟೆಸ್ಟೂ ಓಡೋದು "ಟ್ರ್ಯಾಶ್ ಡೈರೆಕ್ಟರಿ" ಅಂತ ಶುರುವಾಗೋ ಒಂದು ತಾತ್ಕಾಲಿಕ ಫೋಲ್ಡರಿನಲ್ಲಿ. ಹೆಸರಿನ ನಡುವೆ ಬೇಕಂತಲೇ ಒಂದು ಖಾಲಿ ಜಾಗ ಇದೆ, 2008ರಿಂದ ಹೀಗೆ. ಹೆಸರಿನಲ್ಲಿ ಖಾಲಿ ಜಾಗ ಬಂದ್ರೆ ಎಡವೋ ಸ್ಕ್ರಿಪ್ಟುಗಳು ಬಹಳ. ಅದಕ್ಕೇ ಬೇರೆ ಟೆಸ್ಟ್ ಬರೆಯೋ ಬದಲು, ಎಲ್ಲಾ ಟೆಸ್ಟೂ ಆ ಕಲ್ಲನ್ನು ದಾಟಿಯೇ ಬರಲಿ ಅಂತ ದಾರಿಯಲ್ಲೇ ಇಟ್ಟುಬಿಟ್ರು. ನಾನು ನಮ್ಮ ಟೆಸ್ಟುಗಳ ಫೋಲ್ಡರಿಗೆ "ಕಸದ ಬುಟ್ಟಿ" ಅಂತ ಹೆಸರಿಟ್ಟೆ, ಅಚ್ಚಕನ್ನಡ ಲಿಪಿಯಲ್ಲಿ, ನಡುವೆ ಖಾಲಿ ಜಾಗದ ಸಮೇತ. ಮೊದಲ ದಿನವೇ ಎರಡು ಸ್ಕ್ರಿಪ್ಟ್ ಮಗುಚಿ ಬಿದ್ದವು. ಅದರಲ್ಲೊಂದು "ಕಸದ" ಮತ್ತು "ಬುಟ್ಟಿ" ಅಂತ ಎರಡು ಬೇರೆ ಫೋಲ್ಡರ್ ಹುಡುಕ್ತಾ ಹೋಗಿತ್ತು.

ಟೀಮಿನ ಒಬ್ಬ ಹುಡುಗ "ಸಾರ್, ಕನ್ನಡದಲ್ಲಿ ಫೈಲ್ ಹೆಸರು ಯಾರಿಡ್ತಾರೆ? ತೀರಾ ಅಪರೂಪದ ಕೇಸು" ಅಂದ. ಅವನು ಮಂಡ್ಯದವನು! ಅವನದ್ದೂ ತಪ್ಪಲ್ಲ. ಕನ್ನಡದಲ್ಲಿ ಹೆಸರಿಟ್ಟರೆ ಏನೋ ಎಡವಟ್ಟಾಗುತ್ತೆ ಅಂತ ಕಂಪ್ಯೂಟರ್ ಕಲಿತ ದಿನದಿಂದ ನಾವೆಲ್ಲ ಇಂಗ್ಲಿಷಿನಲ್ಲೇ ಇಟ್ಟುಕೊಂಡು ಬಂದಿದ್ದೇವೆ. ನಾವು ಇಡೋದಿಲ್ಲ ಅಂತ ಟೆಸ್ಟ್ ಇಲ್ಲ, ಟೆಸ್ಟ್ ಇಲ್ಲ ಅಂತ ಎಡವಟ್ಟು, ಎಡವಟ್ಟು ಅಂತ ಮತ್ತೆ ನಾವು ಇಡೋದಿಲ್ಲ. ಬ್ಲಾಗ್ ಬರೆಯೋರಾದ ನಾವೇ ಇಡದಿದ್ರೆ ಇನ್ಯಾರು ಇಡ್ತಾರೆ ಹೇಳಿ. ಅವನಿಗೆ ಎರಡು ಸ್ಕ್ರಿಪ್ಟ್ ಬಿದ್ದದ್ದನ್ನು ತೋರಿಸಿದೆ. ಖಾಲಿ ಜಾಗದಿಂದ ಬಿದ್ದದ್ದು ಸಾರ್ ಅದು, ಕನ್ನಡದಿಂದಲ್ಲ ಅಂದ. ಒಂದರ ಮಟ್ಟಿಗೆ ಅವನು ಹೇಳಿದ್ದು ಸರಿ. ಇನ್ನೊಂದನ್ನು ಅವನೇ ಕೂತು ಸರಿಮಾಡ್ತಿದ್ದಾನೆ.

ಕಮಿಟ್ ಮಾಡದೆ ಇಟ್ಟುಕೊಂಡದ್ದು ನನ್ನ ತಪ್ಪು ಅಂತ ನೀವು ಹೇಳೋ ಮುಂಚೆ ನಾನೇ ಹೇಳಿಬಿಡ್ತೀನಿ. ಹೌದು, ನನ್ನದೇ.

ಹೋದ ವಾರ ಊರಿಗೆ ಫೋನ್ ಮಾಡಿ ದೊಡ್ಡಪ್ಪನಿಗೆ ನಡೆದದ್ದು ಹೇಳಿದೆ. "ಹೋದ್ರೆ ಹೋಗ್ಲಿ ಬಿಡೋ ಮಾರಾಯ, ಗದ್ದೆ ಅಲ್ಲೇ ಇದ್ಯಲ್ಲ, ಬಂದು ನೋಡ್ಕೊಂಡು ಬರ್ಕೋ" ಅಂದ್ರು. ಆ ಗದ್ದೆಗಳಲ್ಲಿ ಅರ್ಧಕ್ಕರ್ಧ ಈಗ ಅಡಿಕೆ ತೋಟ ಆಗಿದೆ, ಅವರಿಗೂ ಗೊತ್ತು. ಶನಿವಾರ ಹೊರಡ್ತಿದ್ದೇನೆ. ಹತ್ತೊಂಬತ್ತರ ಪಟ್ಟಿಯನ್ನು ಅಚ್ಚು ಹಾಕಿ ಚೀಲದಲ್ಲಿಟ್ಟಿದ್ದೇನೆ, ಅದನ್ನು ಓದಿ ಹೇಳಿದ್ರೆ ಪಕ್ಕದ್ದು ನೆನಪಾಗಬಹುದು ಅಂತ ದೊಡ್ಡಮ್ಮ ಹೇಳಿದ್ದಾರೆ.